ಶುಕ್ರವಾರದ ಹೆಂಗಸರ ಆಟ

ನೋಡಿದ ಚಿತ್ರಗಳ ಬಗ್ಗೆ ನಾನು ಜೀವನದಲ್ಲಿ ಬೇಕಾದಷ್ಟು ಹರಟಿದ್ದೇನೆ. ಹಿಡಿಸದ್ದನ್ನು ಹಿಡಿಸಲಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವ ಸ್ವಭಾವ ನನ್ನದು. ಹೀಗಾಗಿ ಮೊಮ್ಮಕ್ಕಳು ಈಗ ನನ್ನನ್ನು ಜೊತೆಗೆ ಕರೆದೊಯ್ಯುವುದನ್ನೇ ಬಿಟ್ಟಿದ್ದಾರೆ. ಬಿಡಲಿ, ನನಗೇನೂ ನಷ್ಟವಿಲ್ಲ. ಆದರೆ ಹೆದರುತ್ತ ಹೆದರುತ್ತ ನಾನು ಅಭಿಪ್ರಾಯ ಹೇಳಿದ್ದು ಒಂದೇ ಒಂದು ಚಿತ್ರದ ಬಗ್ಗೆ. ಅದನ್ನು ನಾನು ನೋಡಿರಲೇ ಇಲ್ಲ.

ಐವತ್ತರ ದಶಕದ ನಡುವಿನ ಮಾತು. ಕಮತಗಿಯಿಂದ ಇಳಕಲ್ಲಿಗೆ ಸೊಸೆಯಾಗಿ ಬಂದು ನನಗೆ ಎರಡು ವರ್ಷವಾಗಿತ್ತು. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಮಾವ, ಇನ್ನೊಂದರಲ್ಲಿ ನನ್ನ ಗಂಡ. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಕೂಡಿಸಬೇಕು. ಅದು ಹೆಂಗಸರು ಎದುರುಬದುರು ಕೂತು ಮಾಡುವ ಕೆಲಸ. ಯಾರ ಮನೆಯಲ್ಲಿ ಕೊಂಡಿ ಇದೆಯೋ ಅಲ್ಲಿಗೆ ಅಕ್ಕಪಕ್ಕದವರು ಬರುತ್ತಿದ್ದರು. ನಮ್ಮಲ್ಲಿ ಹೆಚ್ಚಾಗಿ ಶನಿವಾರ ಮುಂಜಾನೆ ಅದು ನಡೆಯುತ್ತಿತ್ತು. ಬಲಗಡೆ ಮನೆಯ ಚಾಚಿ ಬರುವರು, ಅವರ ಮನೆಯಲ್ಲೂ ನೇಕಾರಿಕೆಯೇ. ಎದುರು ಮನೆಯ ಕಾಕು ಬರುವಳು, ಅವಳ ನಾಲಗೆಗೆ ಓಣಿಯೇ ಹೆದರುತ್ತಿತ್ತು. ಕೈಗೆ ಕೆಲಸ, ಬಾಯಿ ಖಾಲಿ. ಹಿಂದಿನ ದಿನ, ಅಂದರೆ ಶುಕ್ರವಾರ ಮಧ್ಯಾಹ್ನ, ತಗಡಿನ ಟಾಕೀಸಿನಲ್ಲಿ ಹೆಂಗಸರಿಗಾಗಿಯೇ ಒಂದು ಆಟ ಇರುತ್ತಿತ್ತು. ಹೀಗಾಗಿ ಶನಿವಾರದ ಕೊಂಡಿ ಅಂದರೆ ಸಿನೆಮಾದ ಪಂಚಾಯಿತಿ.

ಅತ್ತೆ ಮಾತ್ರ ಸಿನೆಮಾಕ್ಕೆ ಹೋಗುತ್ತಿರಲಿಲ್ಲ. "ಕತ್ತಲ್ಯಾಗ ಕುಂತು ಮಂದಿ ಮನಿ ಜಗಳ ನೋಡೂದೇನೈತಿ?" ಎನ್ನುತ್ತಿದ್ದರು. ಆದರೆ ನಾವು ಕತೆ ಹೇಳುವಾಗ ಅವರ ಕಿವಿ ಇತ್ತಲೇ. ಎಲ್ಲ ಕೇಳಿಯಾದ ಮೇಲೆ ತಲೆ ಎತ್ತದೆ, "ಆ ಮಾವಂದು ತಪ್ಪು" ಎಂದೋ, "ಆಕಿ ಅಷ್ಟ್ ಅಳೂದೇನು ಬ್ಯಾಡಾಗಿತ್ತು" ಎಂದೋ ಒಂದು ಮಾತು ಆಡುವರು. ಅಲ್ಲಿಗೆ ಆ ಚಿತ್ರದ ವಿಚಾರ ಮುಗಿದ ಹಾಗೆ. ಅವರು ಆವರೆಗೆ ನನ್ನನ್ನು ಒಮ್ಮೆಯೂ ಬೈದವರಲ್ಲ, ಹೊಡೆದವರಲ್ಲ. ಆದರೂ ಅವರ ಹೆಜ್ಜೆಯ ಸಪ್ಪಳ ಕೇಳಿದರೆ ಸಾಕು, ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಆ ವರ್ಷ ಪಂಚಮಿ ಕಳೆದು ತವರಿನಿಂದ ಬಂದಾಗಿನಿಂದ ನನಗೆ ಕೆಮ್ಮು. ಮೊದಲು ಹತ್ತಿಯ ಧೂಳು ಅಂದುಕೊಂಡೆ. ಮಗ್ಗದ ಮನೆಯಲ್ಲಿ ಯಾರು ಕೆಮ್ಮುವುದಿಲ್ಲ? ಆದರೆ ಒಂದು ಮುಂಜಾನೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿದಾಗ ನೀರಿನ ಜೊತೆ ರಕ್ತ ಬಿತ್ತು. ಕುಂಕುಮದ ಬೊಟ್ಟಿನಷ್ಟೇ. ತಂಬಿಗೆಗಟ್ಟಲೆ ನೀರು ಸುರಿದು ಆ ಕಲ್ಲನ್ನು ತೊಳೆದೆ, ಮತ್ತೆ ಮತ್ತೆ ತೊಳೆದೆ.

ಹೆದರಿಕೆ ಸುಮ್ಮನೆ ಬಂದದ್ದಲ್ಲ. ಕಮತಗಿಯಲ್ಲಿ ನಮ್ಮ ದೊಡ್ಡಪ್ಪನ ಮಗಳನ್ನು ಹುನಗುಂದದ ಗಂಡನ ಮನೆಯವರು ಇದೇ ಕ್ಷಯದ ಬೇನೆಗೆ ಹಾಸಿಗೆಯ ಸಮೇತ ಎತ್ತಿನ ಚಕ್ಕಡಿಯಲ್ಲಿ ತಂದು ಬಿಟ್ಟು ಹೋಗಿದ್ದರು. ಹಿತ್ತಲ ಕೋಣೆಯಲ್ಲಿ ಅವಳು, ಅವಳ ಗಂಗಾಳ ಬೇರೆ, ತಂಬಿಗೆ ಬೇರೆ. ಬಾಗಿಲಲ್ಲಿ ನಿಂತು ಮಾತಾಡಿಸಿದರೆ ದೊಡ್ಡವರು ನಮ್ಮ ರಟ್ಟೆ ಹಿಡಿದು ಎಳೆಯುತ್ತಿದ್ದರು. ಅವಳು ಬದುಕಿದ್ದಾಗಲೇ ಗಂಡ ಇನ್ನೊಂದು ಲಗ್ನ ಮಾಡಿಕೊಂಡ. ಅವಳು ಹೋದ ಮೇಲೆ ಹಾಸಿಗೆಯನ್ನು ಊರ ಹೊರಗೆ ಸುಟ್ಟರು. ನನಗಾಗ ಹನ್ನೆರಡು ವರ್ಷ. ಆ ಹೊಗೆಯ ವಾಸನೆ ಬಚ್ಚಲಲ್ಲಿ ನಿಂತಾಗ ನನ್ನ ಮೂಗಿಗೆ ಬಂತು.

ಮನೆಯಲ್ಲಿ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಅವರು ಒಳ್ಳೆಯವರೇ, ಆದರೆ ಅವ್ವನ ಮಾತಿಗೆ ಎದುರಾಡಿದವರಲ್ಲ.

ಬಾಗಲಕೋಟೆಯಿಂದ ಡಾಕ್ಟರ್ ಬಾಯಿಯೊಬ್ಬರು, ಅಂದರೆ ಹೆಣ್ಣು ಡಾಕ್ಟರು, ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಊರ ದವಾಖಾನೆಯಲ್ಲಿ ಕೂರುತ್ತಿದ್ದರು. ಅದೂ ಶುಕ್ರವಾರ ಮಧ್ಯಾಹ್ನವೇ. ಅದೇ ನನಗೆ ದಾರಿಯಾಯಿತು. ಸಿನೆಮಾಕ್ಕೆ ಹೋಗಿಬರುತ್ತೇನೆಂದು ಅತ್ತೆಯ ಅಪ್ಪಣೆ ಕೇಳಿದೆ. ಕಾಕು, ಚಾಚಿ ಮುಂದೆ ಹೋಗಲಿ, ಭಾಂಡೆ ತೊಳೆದು ಹಿಂದಿನಿಂದ ಬರುತ್ತೇನೆ ಅಂದೆ. ಟಾಕೀಸಿನ ಕತ್ತಲಲ್ಲಿ ಯಾರು ಎಲ್ಲಿ ಕೂತರೆಂದು ಯಾರಿಗೆ ಗೊತ್ತು? ಹಿಂದೆ ಕೂತಿದ್ದೆ ಅಂದರಾಯಿತು. ಕತೆಗೂ ಚಿಂತೆಯಿರಲಿಲ್ಲ. ಬಾಗಲಕೋಟೆಯಲ್ಲಿದ್ದ ನನ್ನ ಅಕ್ಕ ಆ ವಾರದ ಚಿತ್ರವನ್ನು ಮೊದಲೇ ಅಲ್ಲಿ ನೋಡಿ, ಪಂಚಮಿಗೆ ಬಂದಾಗ ಜೋಕಾಲಿಯ ಮೇಲೆ ಕೂತು ಆದಿಯಿಂದ ಅಂತ್ಯದವರೆಗೆ ಹೇಳಿದ್ದಳು. ಒಬ್ಬ ಅತ್ತಿಗೆ ತಾಯಿಯಿಲ್ಲದ ಮೈದುನರನ್ನು ಸಾಕಿ, ಅವರಿಂದಲೇ ಚುಚ್ಚುಮಾತು ಕೇಳಿ, ಕೊನೆಗೆ ಸಾಯುವ ಕತೆ. ಎಷ್ಟು ಜಾಣೆ ನಾನು ಎಂದು ಹಿಗ್ಗಿದ್ದೆ.

ಡಾಕ್ಟರ್ ಬಾಯಿ ಬೆನ್ನಿಗೆ, ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಕಫವನ್ನು ಒಂದು ಸಣ್ಣ ಬಾಟಲಿಯಲ್ಲಿ ತೆಗೆದುಕೊಂಡರು. "ಇದನ್ನ ಬಾಗಲಕೋಟಿಗೆ ಒಯ್ದು ನೋಡ್ಬೇಕು. ಮುಂದಿನ ಶುಕ್ರವಾರ ಬಾ. ಬರುವಾಗ ಮನಿಯವರನ್ನ ಯಾರನ್ನರ ಕರಕೊಂಡು ಬಾ" ಎಂದರು. ಆಗಲಿ ಎಂದು ತಲೆಯಾಡಿಸಿದೆ. ಕರೆದುಕೊಂಡು ಬರುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಮರುದಿನ ಕೊಂಡಿಗೆ ಕೂತೆವು. ನಾನು ಕೆಮ್ಮು ಬಂದಾಗಲೆಲ್ಲ ಮುಖ ತಿರುಗಿಸಿ ನುಂಗುತ್ತಿದ್ದೆ. ಕಾಕು ಎಳೆ ಹಿಡಿದುಕೊಂಡೇ ಕೇಳಿದಳು, "ಏನವಾ, ನಿನ್ನಿ ಹೆಂಗನಿಸ್ತು ನಿನಗ?"

"ಭಾಳ ಚಲೋ ಇತ್ತ್ರಿ," ಅಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸುಳ್ಳು ಹೇಳುವವರ ಹಣೆಬರಹವೇ ಇಷ್ಟು, ಸುಮ್ಮನಿರಲು ಆಗುವುದಿಲ್ಲ. "ಹಾಡು ಅಷ್ಟಕ್ಕಷ್ಟ. ಆದ್ರ ಕೊನೀಗೆ ಅತ್ತಿಗಿ ಸಾಯ್ತಾಳಲ್ರಿ, ಅದನ್ನ ನೋಡಿ ಅಳಕೋತನ ಹೊರಗ ಬಂದೆ."

ಕಾಕು ಎಳೆ ಬಿಟ್ಟು ನನ್ನ ಕಡೆ ನೋಡಿದಳು. "ಕೊನೀಗೆ ಎಲ್ಲಿ ಸತ್ಲು? ನಡುವ ಸತ್ತಳಲ್ಲ! ಚಿತಿಗೂ ಇಟ್ರು. ಆಮ್ಯಾಲ ಎದ್ದು ಬಂದು ಅಡಗಿ ಮಾಡಿದ್ಲು, ಹಾಡ ಹಾಡಿದ್ಲು. ಕೊನೀಗೆ ಮೈದುನನ ಲಗ್ನ ಆತು. ನಾವೆಲ್ಲಾ ನಕ್ಕೋತ ಬಂದ್ವಿ."

"ಹೌದಲ್ಲ ಬೇಟಿ," ಅಂದರು ಚಾಚಿ ಮೆಲ್ಲಗೆ. "ಸತ್ತಾಕಿ ಹೆಂಗ ಎದ್ದು ಬಂದ್ಲು ಅಂತ ದಾರಿ ತುಂಬ ಅದ ಮಾತು. ಆಕಿ ತಂಗಿ ಇರ್ಬೇಕು ಅಂದೆ ನಾ. ಕನಸು ಅಂದ್ಲು ಈಕಿ."

ಆಮೇಲೆ ತಿಳಿಯಿತು ಏನಾಗಿತ್ತೆಂದು. ರೀಲಿನ ಡಬ್ಬಿಗಳ ಮೇಲಿನ ಅಂಕಿ ಅಳಿಸಿ ಹೋಗಿ, ಮಷಿನ್ ನಡೆಸುವವನು ಕೊನೆಯ ರೀಲನ್ನು ನಡುವೆ ಹಾಕಿಬಿಟ್ಟಿದ್ದ. ಗಂಡಸರ ಆಟವಾಗಿದ್ದರೆ ಸಿಳ್ಳೆ ಹೊಡೆದು ಪರದೆ ಹರಿದುಹಾಕುತ್ತಿದ್ದರು. ನಮ್ಮ ಹೆಂಗಸರು ಚಿತ್ರ ಮಾಡಿದವರು ಹಾಗೇ ಮಾಡಿದ್ದಾರೆ, ತಮಗೇ ತಿಳಿದಿಲ್ಲ ಎಂದುಕೊಂಡು ಸುಮ್ಮನೆ ನೋಡಿ ಎದ್ದು ಬಂದಿದ್ದರು. ಇಡೀ ಇಳಕಲ್ಲಿನಲ್ಲಿ ಆ ಕತೆಯನ್ನು ಸರಿಯಾಗಿ ಹೇಳಿದವಳು ನಾನೊಬ್ಬಳೇ. ಅದಕ್ಕೇ ಸಿಕ್ಕಿಬಿದ್ದೆ.

"ಅಕಿಗೆ ನಿದ್ದಿ ಹತ್ತಿರ್ಬೇಕು," ಎಂದರು ಅತ್ತೆ.

"ನಿದ್ದ್ಯಾಗ ಅಳಕೋತ ಹೊರಗ ಬಂದ್ಲೇನು?" ಕಾಕು ಬಿಡಲಿಲ್ಲ. "ಸಿನೆಮಾಕ್ಕ ಬರ್ಲಿಲ್ಲಂದ್ರ ಎಲ್ಲಿಗೆ ಹೋಗಿದ್ದಿ?"

"ಕೊಂಡಿ ನೋಡ," ಎಂದರು ಅತ್ತೆ. ಕಾಕು ಮತ್ತೆ ಎಳೆ ಹಿಡಿದಳು. ನನ್ನ ಬೆರಳುಗಳಿಗೆ ಎಳೆ ಸಿಗುತ್ತಲೇ ಇರಲಿಲ್ಲ. ಅತ್ತೆ ಕೈ ಚಾಚಿ ನಾನು ತಪ್ಪಿಸಿದ ಎಳೆಗಳನ್ನು ತಾವೇ ಕೂಡಿಸುತ್ತ ಹೋದರು, ನನ್ನ ಮುಖ ಮಾತ್ರ ನೋಡಲಿಲ್ಲ.

ಆ ವಾರ ಹೇಗೆ ಕಳೆಯಿತೋ ಆ ಬನಶಂಕರಿಗೇ ಗೊತ್ತು. ಅತ್ತೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನೀರಿಗೆ ಹೋದರೆ ಬಾಗಿಲಲ್ಲಿ ನಿಂತು ನೋಡುವರು. ಕಾಕು ಓಣಿಯಲ್ಲಿ ಏನು ಹಬ್ಬಿಸಿದ್ದಳೋ, ನಾನು ಬಂದರೆ ಬಾವಿಯ ಬಳಿ ಮಾತು ನಿಲ್ಲುತ್ತಿತ್ತು. ಯಾವನನ್ನೋ ಕಾಣಲು ಹೋಗಿದ್ದೆ ಎಂದು ತಿಳಿದಿದ್ದಾರೆ, ಅದು ನನಗೆ ಗೊತ್ತಾಗಿತ್ತು. ಖರೆ ಹೇಳಿದರೆ ಬೇನೆಯವಳೆಂದು ತವರಿಗೆ ಕಳಿಸುತ್ತಾರೆ. ಹೇಳದಿದ್ದರೆ ಕೆಟ್ಟವಳೆಂದು ಕಳಿಸುತ್ತಾರೆ. ರೊಟ್ಟಿ ಬಡಿಯುತ್ತ ಇದನ್ನೇ ಲೆಕ್ಕ ಹಾಕುತ್ತಿದ್ದೆ. ಬೇನೆಯವಳಾದರೆ ಹಿತ್ತಲ ಕೋಣೆಯಾದರೂ ಸಿಗುತ್ತದೆ, ಕೆಟ್ಟವಳಾದರೆ ಅಪ್ಪ ಬಾಗಿಲು ತೆರೆಯುವುದಿಲ್ಲ. ಹೀಗೆ ಯೋಚಿಸುವಷ್ಟರ ಮಟ್ಟಿಗೆ ನಾನು ಹೆದರಿ ಹೋಗಿದ್ದೆ.

ಶುಕ್ರವಾರ ಉಂಡಾದ ಮೇಲೆ ಅತ್ತೆ ಸೀರೆ ಬದಲಿಸಿ ಬಂದು ನಿಂತರು. "ನಡಿ. ಇವತ್ತ ನಾನೂ ಬರ್ತೇನಿ ಸಿನೆಮಾಕ್ಕ."

ಕೈಯಲ್ಲಿದ್ದ ತಾಟು ಬಿತ್ತು. ಅದನ್ನು ಎತ್ತಿಡಲೂ ಅವರು ಬಿಡಲಿಲ್ಲ. ಅವರು ಮುಂದೆ, ನಾನು ಹಿಂದೆ. ಬಸ್ ಸ್ಟ್ಯಾಂಡಿನ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಟಾಕೀಸು, ಬಲಕ್ಕೆ ದವಾಖಾನೆ. ಬಾಗಲಕೋಟೆಯ ಬಸ್ಸು ಬಂದು ನಿಂತಿತ್ತು. ಅತ್ತೆ ಎಡಕ್ಕೆ ತಿರುಗಿದರು. ನಾನು ಅಲ್ಲೇ ನಿಂತೆ.

"ಅತ್ತಿ, ನಾ ದವಾಖಾನಿಗೆ ಹೋಗ್ಬೇಕ್ರಿ," ಅಂದೆ. "ಹ್ವಾದ ವಾರನೂ ಅಲ್ಲಿಗೇ ಹೋಗಿದ್ದೆ. ಕೆಮ್ಮಿದ್ರ ರಕ್ತ ಬರಾಕ್ಹತ್ತೇತ್ರಿ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಹೌದು, ಸರಿದರು; ಅದನ್ನು ನಾನು ಕಣ್ಣಾರೆ ಕಂಡೆ. ಮುಗಿಯಿತು ಎಂದುಕೊಂಡೆ. ಚಕ್ಕಡಿ, ಹಾಸಿಗೆ ಸುರುಳಿ ಎಲ್ಲವೂ ಕಣ್ಣ ಮುಂದೆ ಬಂತು.

"ಯಾವನರ ಇದ್ದಾನೇನು ಅಂತ ತಿಳಕೊಂಡಿದ್ದೆ ನಾ," ಅಂದರು. ಬಸ್ಸಿನ ಕಡೆ ತಿರುಗಿ ನೋಡಿದರು. "ಎಷ್ಟು ದಿನಾತು?"

"ಒಂದು ತಿಂಗಳ ಮ್ಯಾಲಾತ್ರಿ."

"ಹುಚ್ಚಿ!" ಅಂದರು. ಅವರಿಂದ ನಾನು ಕೇಳಿದ ಮೊದಲ ಬೈಗುಳ ಅದು. "ತಿಂಗಳಾನಗಟ್ಲೆ ಬಾಯಿ ಮುಚ್ಚಿಕೊಂಡು ಕುಂತಿ? ನಡಿ." ಬಲಕ್ಕೆ ತಿರುಗಿ ನಡೆದರು, ನನಗಿಂತ ಜೋರಾಗಿ.

ಬೇನೆ ಅದೇ ಆಗಿತ್ತು. ಡಾಕ್ಟರ್ ಬಾಯಿ ಸುತ್ತಿಬಳಸಿ ಹೇಳಲಿಲ್ಲ. ಈಗ ಇದಕ್ಕೆ ಸೂಜಿ ಬಂದಿದೆ, ತಿಂಗಳುಗಟ್ಟಲೆ ತಪ್ಪಿಸದೆ ಹಾಕಿಸಬೇಕು, ಹಾಲು, ತತ್ತಿ ಕೊಡಬೇಕು, ಗಂಗಾಳ, ತಂಬಿಗೆ, ಹಾಸಿಗೆ ಬೇರೆ ಮಾಡಬೇಕು ಎಂದರು. "ಬದುಕ್ತಾಳೇನ್ರಿ?" ಎಂದು ಅತ್ತೆ ಕೇಳಿದರು. ನಾನು ಅಲ್ಲೇ ಕೂತಿದ್ದೆ. "ಭಾಳ ಮಂದಿಗೆ ಗುಣ ಆಗೇತಿ. ಆದ್ರ ಖಾತ್ರಿ ಹೇಳಾಕ ಬರೂದಿಲ್ಲ" ಎಂದರು ಡಾಕ್ಟರ್ ಬಾಯಿ. ಮನೆಗೆ ಬಂದು ಮಾವನಿಗೆ, ಮಗನಿಗೆ ಅತ್ತೆ ಏನು ಹೇಳಿದರೋ, ಒಳಗಿನ ಮಾತು ನನಗೆ ಕೇಳಿಸಲಿಲ್ಲ. ಚಕ್ಕಡಿಯಂತೂ ಬರಲಿಲ್ಲ. ನನ್ನ ಹಾಸಿಗೆ ಪಡಸಾಲೆಯ ಕಿಟಕಿಯ ಹತ್ತಿರ ಬಂತು.

ಶನಿವಾರ ಮತ್ತೆ ಕೊಂಡಿ. ನನ್ನನ್ನು ದೂರ, ಬಾಗಿಲ ಬಳಿ ಬಿಸಿಲಿಗೆ ಕೂರಿಸಿದ್ದರು. ಕಾಕು ಬಂದವಳೇ ನನ್ನನ್ನು ನೋಡಿದಳು, ನನ್ನ ಪಕ್ಕದ ಬೇರೆ ತಂಬಿಗೆಯನ್ನು ನೋಡಿದಳು. ಅವಳು ಹೊರಗೆ ಬಾಯಿ ಬಿಟ್ಟರೆ ಸಂಜೆಯೊಳಗೆ ಓಣಿ ನಮ್ಮ ಮನೆಯ ನೀರು ಮುಟ್ಟುವುದಿಲ್ಲ. ನಮ್ಮ ಕೊಂಡಿಗೆ ಯಾರೂ ಬರುವುದಿಲ್ಲ. ಮಗ್ಗ ನಿಲ್ಲುತ್ತದೆ. ಆಗ ಅತ್ತೆಯಾದರೂ ಏನು ಮಾಡಿಯಾರು?

"ಏನ್ರಿ, ನೀವೂ ನಿನ್ನಿ ಸಿನೆಮಾಕ್ಕ ಹೋಗಿದ್ರಂತ?" ಎಂದಳು ಕಾಕು. "ಹೆಂಗಿತ್ತ್ರಿ?"

"ಅಡ್ಡಿಯಿಲ್ಲ," ಎಂದರು ಅತ್ತೆ. "ಸೊಸಿಗೆ ಜಡ್ಡ ಬರತೈತಿ. ಅತ್ತಿ ಮನ್ಯಾಗ ಇಟಗೊಂಡು ನೋಡಕೋತಾಳ."

"ಅಯ್ಯ! ಎಲ್ಲಿ ಸೊಸಿ? ನಿನ್ನಿ ಇದ್ದದ್ದು ದೇವ್ರು, ರಾಕ್ಷಸರ ಕತಿ ಅಲ್ಲೇನ್ರಿ? ನಾವೆಲ್ಲಾ..."

"ನಾ ನೋಡಿದ್ದು ಇದ," ಎಂದು ಅತ್ತೆ ಕಾಕುವಿನ ಮುಖವನ್ನೇ ದಿಟ್ಟಿಸಿದರು. "ಮಂದಿ ಏನೇನರ ಮಾತಾಡ್ತಾರ ಅದ್ರಾಗ. ಅದೊಂದು ನನಗ ಹಿಡಸ್ಲಿಲ್ಲ."

ಕಾಕು ನನ್ನ ತಂಬಿಗೆಯತ್ತ ಇನ್ನೊಮ್ಮೆ ನೋಡಿ ಕೊಂಡಿಗೆ ಕೂತಳು. ಚಾಚಿ ನನ್ನ ಕಡೆ ಒಮ್ಮೆ ನೋಡಿ, ತಮ್ಮ ಕಡೆಯ ಎಳೆಗಳನ್ನು ಸರಿಮಾಡಿಕೊಂಡರು. "ಕೊನೀಗೆ ಏನಾಗತೈತ್ರಿ ಆ ಸೊಸಿಗೆ?" ಎಂದು ಕೇಳಿದರು.

ಅತ್ತೆ ಎರಡು ಕೊಂಡಿ ಹಾಕಿದರು. "ಸಾಯೂದಿಲ್ಲ," ಅಂದರು. ಆ ಮಾತಿನಲ್ಲಿ ಅವರ ದನಿ ನಡುಗಿತು. ಅವರು ಹೆದರಿದ್ದನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.