ಬಾಟಲಿ ಅಕ್ಕ

ತೈಲದ ಹಡಗು ಒಡೆದು ಕಡಲು ಕಪ್ಪಾದಂದಿನಿಂದ ದಿನವೂ ಪರೀಕ್ಷೆಗೆ ನೀರು ತರಲು ಹೋಗುವ ಆಕೆಗೆ ಬಂದರಿನವರು ಇಟ್ಟ ಹೆಸರು ಬಾಟಲಿ ಅಕ್ಕ. ನಿಂತಲ್ಲಿ ನಿಲ್ಲುವ ಜೀವವಲ್ಲ ಅದು. ದೋಣಿ ಹತ್ತುವ ಮೊದಲು ಗಾಜಿನ ಬಾಟಲಿಗಳನ್ನು ಮೂರು ಸಲ ಎಣಿಸುತ್ತಾಳೆ, ಹತ್ತಿದ ಮೇಲೆ ಇನ್ನೊಂದು ಸಲ. ಆಳದ ನೀರು ಹಿಡಿದು ಅರ್ಧ ದಾರಿ ವಾಪಸು ಬಂದಮೇಲೆ, "ತಡಿ ತಡಿ, ಆ ಮುಚ್ಚಳ ಸರಿಯಾಗಿ ಕೂತಿತ್ತಾ?" ಎಂದು ಹೊಸದಾಗಿ ನೀರು ಹಿಡಿಯಲು ದೋಣಿ ತಿರುಗಿಸಲು ಹೇಳುತ್ತಾಳೆ. ಊಟಕ್ಕೆ ಕೂತರೆ ತಟ್ಟೆಯನ್ನು ಬೆಳಕಿಗೆ ಓರೆಯಾಗಿಸಿ ಸಾರಿನಲ್ಲಿ ತೇಲುವ ಎಣ್ಣೆಯನ್ನೂ ನೋಡುತ್ತಾಳೆ. "ನೀರು ತಿಳಿಯಾಗಿದೆಯಲ್ಲಮ್ಮಾ, ಇನ್ನು ಸಾಕು ಮಾಡಿ," ಎಂದು ಬಂದರು ಕಚೇರಿಯ ಸಾಹೇಬರು ಗೊಣಗಿದರೆ, "ಕಣ್ಣಿಗೇ ಕಾಣೋ ಹಾಗಿದ್ರೆ ನಾನ್ಯಾಕೆ ಬೇಕಿತ್ತು ಸಾರ್?" ಎನ್ನುತ್ತಾಳೆ. ನೀರಿನಲ್ಲಿ ಎಣ್ಣೆ ಎಷ್ಟಿದೆಯೆಂದು ಅವಳು ಬರೆಯುವ ಅಂಕಿ ಮಿತಿಯೊಳಗೆ ಇಳಿಯುವವರೆಗೆ ಯಾರೂ ಬಲೆ ಬೀಸುವಂತಿಲ್ಲ. ಹಾಗಾಗಿ ದಡದ ಮೀನುಗಾರರೆಲ್ಲ ಅವಳನ್ನು ಕಂಡರೆ ಮುಖ ಗಂಟಿಕ್ಕುತ್ತಾರೆ. ಏನೂ ಅನ್ನದವನು ಅವಳನ್ನು ಕರೆದೊಯ್ಯುವ ದೋಣಿಯವನೊಬ್ಬನೇ. ಅವನು ಅವಳ ಒಡಹುಟ್ಟಿದ ಅಣ್ಣ. ಎರಡು ತಿಂಗಳಿಂದ ಅವನ ಬಲೆಯೂ ನೀರು ಕಂಡಿಲ್ಲ. ಇವತ್ತು ನಡುನೀರಿನಲ್ಲಿ ಅವಳೇ ಬಾಯಿಬಿಟ್ಟಳು: "ಅಣ್ಣಾ, ನಿನ್ನೆ ತಂದ ನೀರಿನ ಅಂಕಿ ಮಿತಿಗಿಂತ ಕೂದಲೆಳೆಯಷ್ಟು ಜಾಸ್ತಿ ಬಂತು. ಹಾಗೇ ಬರೆದುಬಿಟ್ಟೆ." "ಮತ್ತಿನ್ನೇನು ಬರೀತಿದ್ದೆ?" ಎಂದವನೇ ಎಂಜಿನ್ ಆರಿಸಿ, ಅವಳು ಬಾಟಲಿ ಇಳಿಸಿ ಮೇಲೆತ್ತುವವರೆಗೂ ಹುಟ್ಟು ಹಿಡಿದು ದೋಣಿಯನ್ನು ಅಲುಗದಂತೆ ನಿಲ್ಲಿಸಿದ.