ಬಾಟ್ಲಿ ವಯಸ್ಸು ಹೇಳೋ ಕಾಕಾ

ಮಂಜಲ್‌ಪುರದಾಗ ನಮ್ಮ ಮ್ಯಾಲಿನ ಮನ್ಯಾಗ ಬ್ಯಾಂಕಿನ ಕಾಕಾ ಇದ್ರು. ಮನಿ ತುಂಬ ಹಳೇ ಸಾಸ್, ವಿನೆಗರ್, ಉಪ್ಪಿನಕಾಯಿ ಬಾಟ್ಲಿ. ಯಾವ ಬಾಟ್ಲಿ ಸಿಕ್ರೂ ಅದರ ಪಕ್ಕದಾಗ ಅಚ್ಚಿನ ಎರಡು ಹೋಳು ಕೂಡಿದಲ್ಲಿ ಮೂಡಿದ ಗೀಟಿನ ಮ್ಯಾಲೆ ಉಗುರು ಎಳೀತಿದ್ರು. "ಗೀಟು ಬಾಯಿತನ ಹೋದ್ರ ಮಷಿನ್ನಿಂದು. ಕುತ್ತಿಗ್ಯಾಗ ನಿಂತ್ರ ಬಾಯಿ ಕೈಲೆ ಮಾಡಿದ್ದು, ಹಳೇದು. ಕಣ್ಣು ಸುಳ್ಳು ಹೇಳತೈತಿ, ಉಗುರು ಹೇಳಂಗಿಲ್ಲ" ಅಂತಿದ್ರು.

ಒಂದು ರವಿವಾರ ಅಹಮದಾಬಾದಿನ ಗುಜರಿ ಬಜಾರಿನಿಂದ ಹಸಿರು ಸಾಸ್ ಬಾಟ್ಲಿ ಹಿಡಕೊಂಡು, ಮನಿಗೂ ಹೋಗದ ಸೀದಾ ನನ್ನ ಕಡೆ ಬಂದ್ರು. ಬಾಟ್ಲಿ ನನ್ನ ಕೈಯಾಗ ಇಟ್ರು.

"ತಮ್ಮಾ, ಉಗುರು ಎಳದ ನೋಡು. ಕುತ್ತಿಗ್ಯಾಗ ನಿಂತೈತಿ. ನನ್ನ ಕಡೆ ಇರೋದ್ರಾಗ ಇದೇ ಎಲ್ಲಾಕಿಂತ ಹಳೇದು."

ನಾನು ಗಾಜು ತಿಕ್ಕಿ ನುಣುಪು ಮಾಡೋ ಕೆಲಸದಾಂವ. ಬೆಳಕಿಗೆ ಹಿಡದ್ರ ಬಾಯಿ ಸುತ್ತ ಸಣ್ಣ ಸಣ್ಣ ಗೆರಿ ಕಂಡ್ವು.

"ಕಾಕಾ, ಗೀಟು ತಾನಾಗೇ ನಿಂತಿಲ್ಲ. ಹಳೇದು ಕಾಣಲಿ ಅಂತ ಯಾರೋ ತಿಕ್ಕಿ ತಗದಾರ. ನಿಮ್ಮ ಉಗುರಿಗೇ ಟೋಪಿ ಹಾಕ್ಯಾರ."

ಕಾಕಾ ಬಾಟ್ಲಿ ಇಸಕೊಂಡು ಬಾಯಿ ಸುತ್ತ ಇನ್ನೊಮ್ಮೆ ಉಗುರು ಎಳದ್ರು. ಆಮ್ಯಾಲೆ ತೊಡಿ ತಟ್ಟಿ ನಗಾಕ ಹತ್ತಿದ್ರು.

"ಅಂದ್ರ ಗೀಟು ನೋಡೋ ಹುಚ್ಚರು ಇಲ್ಲೆ ಇನ್ನೂ ಭಾಳ ಮಂದಿ ಅದಾರ. ನಾ ಒಬ್ಬಾಂವನ ಆಗಿದ್ರ, ಇಷ್ಟು ಕಷ್ಟಪಟ್ಟು ಯಾರು ತಿಕ್ಕತಿದ್ರು ಹೇಳು?"