ಹಸಿ ವಾರ್ನಿಷ್

ಮಂಚಯ್ಯ ಲೋಭಿ. ದುಡ್ಡಿನಲ್ಲಿ ಅಲ್ಲ, ವಿದ್ಯೆಯಲ್ಲಿ. ಅದು ಇನ್ನೂ ಕೀಳು. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಪ್ಪತ್ತು ವರ್ಷಗಳಿಂದ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ ಈ ಮನುಷ್ಯ ಆ ಕೆಲಸವನ್ನು ಒಬ್ಬರಿಗೂ ಪೂರ್ತಿ ಹೇಳಿಕೊಟ್ಟಿರಲಿಲ್ಲ. ಅವನ ಹತ್ತಿರ ಬಂದು ಕಲಿಯದೆ ಹೋದವರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಕಾವೇರಿ ಸೇತುವೆ ಮುಟ್ಟುತ್ತದೆಂದು ಎದುರು ಹೋಟೆಲಿನ ನಾಗೇಂದ್ರ ಹೇಳುತ್ತಿದ್ದ.

ಇದೆಲ್ಲ ಗೊತ್ತಿದ್ದೂ ಅನು ಅಲ್ಲಿಗೇ ಬರಬೇಕಾಯಿತು. ಅದು ತೊಂಬತ್ತನಾಲ್ಕನೆಯ ಇಸವಿ. ಜೂನಿಯರ್ ಕಾಲೇಜಿನಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಜೆ.ಒ.ಸಿ. ಎಂಬ ಎರಡು ವರ್ಷದ ಕಸುಬಿನ ಓದು ನಡೆಯುತ್ತಿತ್ತು. ಅವಳು ಸೇರಿದ್ದು ವಿದ್ಯುತ್ ವಿಭಾಗಕ್ಕೆ. ಕೊನೆಯ ಮೂರು ತಿಂಗಳು ತರಗತಿ ಇರುತ್ತಿರಲಿಲ್ಲ. ಯಾವುದಾದರೂ ಅಂಗಡಿಯಲ್ಲಿ ನಿಂತು ಕೆಲಸ ಕಲಿಯಬೇಕು; ಒಂದು ಮೋಟರನ್ನು ಪೂರ್ತಿ ತನ್ನ ಕೈಯಿಂದಲೇ ಸುತ್ತಿ, ಅಂಗಡಿಗೆ ಬರುವ ಪರೀಕ್ಷಕರ ಮುಂದೆ ಓಡಿಸಿ ತೋರಿಸಬೇಕು. ಓಡದಿದ್ದರೆ ವರ್ಷವೇ ಹೋಯಿತು. ಅರಕೆರೆಯಲ್ಲಿ ಗದ್ದೆ ಮಾಡಿಕೊಂಡಿದ್ದ ಅವಳ ಅಪ್ಪ ದ್ಯಾವಯ್ಯ, ಇನ್ನೊಂದು ವರ್ಷ ಬಸ್ಸು ಹತ್ತಿಸುವ ಮಾತೇ ಇಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದ. ಬೇರೆ ಅಂಗಡಿಗಳವರು ಹುಡುಗಿ ಎಂದ ಕೂಡಲೇ ಆಗುವುದಿಲ್ಲ ಅಂದರು. ಮಂಚಯ್ಯ ಮಾತ್ರ, "ಗಂಡಾದ್ರೇನು ಎಣ್ಣಾದ್ರೇನು, ಕಸ ಗುಡ್ಸಾಕೆ?" ಅಂದ.

ಕಸವನ್ನೇ ಗುಡಿಸಿದಳು. ಅದು ಬಿಟ್ಟರೆ ಸುಟ್ಟ ಮೋಟರಿನ ಹೊಟ್ಟೆಯಿಂದ ಕರಕಲು ತಂತಿ ಕೀಳುವುದು, ಸಂದುಗಳನ್ನು ಉಜ್ಜುವುದು, ಒಳಗಿಡುವ ಕಾಗದ ಕತ್ತರಿಸುವುದು. ಹೊಸ ತಂತಿಯ ಕಾಯಿಲುಗಳನ್ನು ಕೂರಿಸುವುದನ್ನು ದೂರದಿಂದ ನೋಡಬಹುದಿತ್ತು. ಆದರೆ ಅವುಗಳ ತುದಿಗಳನ್ನು ಒಂದಕ್ಕೊಂದು ಸೇರಿಸಿ ಕನೆಕ್ಷನ್ ಕೊಡುವ ಹೊತ್ತು ಬಂದಿತೋ, ಮಂಚಯ್ಯ ತಲೆ ಎತ್ತದೆ, "ಅಮ್ಮಿ, ಒಂದು ಕಾಫಿ ತಗಂಡ್ ಬಾ" ಅನ್ನುತ್ತಿದ್ದ. ಅವಳು ಬೀದಿ ದಾಟುವಷ್ಟರಲ್ಲಿ ನಾಗೇಂದ್ರ ಲೋಟ ತೊಳೆಯುತ್ತ ನಗುತ್ತಿದ್ದ. "ಏನಮ್ಮ, ಕನೆಕ್ಷನ್ ಕೊಡ್ತಾ ಇದಾನಾ? ನಿಧಾನಕ್ಕೆ ಕಾಯಿಸಿಕೊಡ್ತೀನಿ ಇರು, ಇಲ್ಲದಿದ್ರೆ ಇನ್ನೊಂದು ತರಕ್ಕೆ ಕಳಿಸ್ತಾನೆ."

ಅನು ಅಳುವ ಹುಡುಗಿಯಲ್ಲ. ಕಟ್ಟುವಾಗ ತೋರಿಸದಿದ್ದರೆ ಕೀಳುವಾಗ ನೋಡಬಹುದೆಂದು ಅವಳಿಗೆ ಹೊಳೆಯಿತು. ಸುಟ್ಟ ಮೋಟರಿನಲ್ಲೂ ಕನೆಕ್ಷನ್ ಹಾಗೆಯೇ ಇರುತ್ತದೆ. ಕರಕಲಾದ ತಂತಿ ಯಾರಿಂದಲೂ ಏನನ್ನೂ ಬಚ್ಚಿಡುವುದಿಲ್ಲ. ಉಳಿಯಿಂದ ಹೊಡೆಯುವ ಮೊದಲು ಒಂದೊಂದು ತುದಿ ಎಲ್ಲಿಂದ ಹೊರಟು ಎಲ್ಲಿಗೆ ಸೇರಿದೆಯೆಂದು ಬೆರಳಿಟ್ಟು ನೋಡತೊಡಗಿದಳು. ಎರಡು ತಿಂಗಳಾಗುವ ಹೊತ್ತಿಗೆ ಅವಳಿಗೆ ಕಾಫಿಯ ಹೊತ್ತಿನ ಚಿಂತೆ ಉಳಿಯಲಿಲ್ಲ. ಸುತ್ತಲು ಒಂದು ಮೋಟರು ಮಾತ್ರ ಸಿಗಲಿಲ್ಲ. ಕೇಳಿದರೆ, "ಜನ ಮೋಟ್ರು ಕೊಡಾದು ನಂಗೆ, ನಿಂಗಲ್ಲ" ಎನ್ನುವ ಉತ್ತರ.

ಪರೀಕ್ಷಕರು ಬರುವ ಸೋಮವಾರ ಹತ್ತಿರವಾಯಿತು. ಅದಕ್ಕೆ ಹಿಂದಿನ ವಾರ ಮಂಚಯ್ಯನ ಭಾವಮೈದುನ ತೀರಿಕೊಂಡು, ಅವನು ನಾಗಮಂಗಲಕ್ಕೆ ಹೊರಟ. ತನ್ನ ಹತ್ತಿರವಿದ್ದ ಎರಡು ಬೀಗದ ಕೈಗಳಲ್ಲಿ ಒಂದನ್ನು ಅನುವಿಗೆ ಕೊಡುತ್ತ, "ಬಂದೋರಿಗೆ ನಾನಿಲ್ಲ ಅನ್ನು. ಅಷ್ಟೇಯ" ಅಂದ.

ಅವನ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಕಿರಂಗೂರಿನ ಚಿಕ್ಕಸ್ವಾಮಿ ತನ್ನ ಆಲೆಮನೆಯ ಮೋಟರನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಬಂದ. ಕಬ್ಬು ಅರೆಯುತ್ತಿದ್ದಾಗಲೇ ಮೋಟರು ಸುಟ್ಟಿತ್ತು.

"ಮಂಚಣ್ಣ ಇಲ್ವಾ? ಸತ್ತೆ ಬುಡು! ಕಡ್ದಿರೋ ಕಬ್ಬು ರಾಶಿ ಬಿದ್ದದೆ. ಒಣಗೋದ್ರೆ ಬೆಲ್ಲ ಎಲ್ಲಿಂದ ತರ್ಲಿ?"

ಅನು ಟ್ರಾಕ್ಟರಿನ ಹತ್ತಿರ ಹೋಗಿ ಮೋಟರಿನ ಕರಕಲು ತಂತಿಯನ್ನು ಬಗ್ಗಿ ನೋಡಿದಳು. ಆಮೇಲೆ, "ನಾನು ಸುತ್ತಿಕೊಡ್ತೀನಿ" ಅಂದಳು.

ಚಿಕ್ಕಸ್ವಾಮಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಬೇರೆ ದಾರಿ ಇರಲಿಲ್ಲ, ಇಳಿಸಿದ.

ಅವತ್ತೂ ಮರುದಿನವೂ ಅವಳು ಊಟಕ್ಕೆ ಸಹ ಏಳದೆ ಕೆಲಸ ಮಾಡಿದಳು. ಕನೆಕ್ಷನ್ ಕೊಡುವಾಗ ಅವಳ ಕೈ ಒಮ್ಮೆಯೂ ತಡವರಿಸಲಿಲ್ಲ. ಸುತ್ತಿ ಮುಗಿಸಿ, ತಂತಿಗೆ ತಂತಿ ತಾಗಿ ಸುಡದಂತೆ ಮೇಲೆ ವಾರ್ನಿಷ್ ಹುಯ್ದು, ಒಳಗೆ ದೊಡ್ಡ ಬಲ್ಬು ಇಳಿಬಿಟ್ಟು, ಮೇಲೆ ಗೋಣಿಚೀಲ ಮುಚ್ಚಿದಳು. ಆ ಕಾವಿನಲ್ಲಿ ಅದು ಒಂದು ಹಗಲು ಒಂದು ರಾತ್ರಿಯಾದರೂ ಒಣಗಬೇಕು. ಸಂಜೆಗೇ ಚಿಕ್ಕಸ್ವಾಮಿ ಬಂದು ಗೋಣಿ ಎತ್ತಿದ.

"ಇನ್ನೂ ಹಸಿ ಇದೆ ಸ್ವಾಮಣ್ಣ."

"ಓಡ್ತಾ ಓಡ್ತಾ ಒಣಗ್ತದೆ ಕಣವ್ವ. ಆಳುಗಳು ಕುಂತವ್ರೆ. ನೀನೇನು ಮೋಟ್ರು ಸುತ್ತಿದ್ಯೋ, ಇಲ್ಲಾ ಬಾಣಂತಿ ಮಾಡಿ ಮನಗಿಸಿದ್ಯೋ?"

ಅವನ ಆಳುಗಳು ನಕ್ಕರು. ಅನು ಬೆರಳಿನಿಂದ ಮುಟ್ಟಿದಳು, ಅಂಟಿತು. ಒಮ್ಮೆ ಓಡಿಸಿ ನೋಡಿದಾಗ ಮೋಟರು ಸದ್ದಿಲ್ಲದೆ ತಿರುಗಿತು. ಆ ಸಂತೋಷದಲ್ಲಿ, ಆ ನಗುವಿಗೆ ಹೆದರಿ, ಅವಳು ಬೇಡ ಎನ್ನಲಿಲ್ಲ. ಅದು ಅವಳ ತಪ್ಪು. ಹದಿನೇಳು ವರ್ಷದವಳೆಂಬುದು ಅದಕ್ಕೆ ಕಾರಣವಷ್ಟೇ, ಸಮಾಧಾನವಲ್ಲ.

ಮಾರನೆಯ ಬೆಳಿಗ್ಗೆ ಅವಳು ಅರಕೆರೆಯ ಬಸ್ಸಿಳಿದು ಬಂದಾಗ ಅಂಗಡಿಯ ಬಾಗಿಲಲ್ಲಿ ಅದೇ ಮೋಟರು ಬಿದ್ದಿತ್ತು. ಸುಟ್ಟ ವಾಸನೆ ಬೀದಿಗೆಲ್ಲ ಬಂದಿತ್ತು. ನಾಗಮಂಗಲದಿಂದ ವಾಪಸು ಬಂದಿದ್ದ ಮಂಚಯ್ಯ ತಲೆಗೆ ಟವಲು ಸುತ್ತಿಕೊಂಡು ಒಳಗೆ ಕೂತಿದ್ದ. ಚಿಕ್ಕಸ್ವಾಮಿ ಕೂಗಾಡುತ್ತಿದ್ದ.

"ಎಣ್ಣೈಕ್ಳ ಕೈಗೆ ಅಂಗಡಿ ಕೊಟ್ಬುಟ್ಟು ಸಾವಿಗೋಗಿದ್ದೀಯಲ್ಲ ಮಂಚಣ್ಣ! ಇನ್ನು ಆವಮ್ಮ ನನ್ ಮೋಟ್ರು ಮುಟ್ಟಂಗಿಲ್ಲ!"

ಮಂಚಯ್ಯ ಅವನ ಕಡೆ ತಿರುಗಲಿಲ್ಲ. "ಯಾರಮ್ಮಿ ಸುತ್ತಿದ್ದು?"

"ನಾನೇ, ಯಜಮಾನ್ರೆ."

"ಕೊಡುವಾಗ ಒಣಗಿತ್ತಾ?"

"ಇಲ್ಲ."

"ಗೊತ್ತಿತ್ತಾ?"

"ಗೊತ್ತಿತ್ತು."

"ಕಿತ್ತಾಕು."

ಚಿಕ್ಕಸ್ವಾಮಿ ಬೈದುಕೊಳ್ಳುತ್ತ ಹೋದ. ಅನು ಉಳಿ ಹಿಡಿದು ಕೂತು, ತಾನೇ ಕೂರಿಸಿದ್ದ ತಂತಿಯನ್ನು ಕತ್ತರಿಸತೊಡಗಿದಳು. ಮಂಚಯ್ಯ ಬಗ್ಗಿ, ಕಪ್ಪಾದ ತುದಿಗಳನ್ನು ಒಂದೊಂದಾಗಿ ಹಿಡಿದು ನೋಡಿದ.

"ಕನೆಕ್ಷನ್ ಎಲ್ಲಿ ಕಲ್ತೆ?"

"ಸುಟ್ಟವನ್ನ ಕೀಳುವಾಗ."

ಅವನು ತುದಿಗಳನ್ನು ಕೈಬಿಟ್ಟು ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವನು ಸಂಜೆಯಾದರೂ ಬರಲಿಲ್ಲ. ಕಾಲೇಜಿಗೇ ಹೋಗಿರುತ್ತಾನೆ, ಈ ಹುಡುಗಿ ಬೇಡವೆಂದು ಹೇಳಿರುತ್ತಾನೆ ಎಂದು ಅನು ತಿಳಿದಳು. ಬೀಗ ಹಾಕಿಕೊಂಡು ಊರಿಗೆ ಹೋದವಳು ಅಪ್ಪನಿಗೆ ಏನೂ ಹೇಳಲಿಲ್ಲ. ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಇನ್ನು ಇದೇ ನನ್ನ ಕೆಲಸ ಅಂದುಕೊಂಡಳು. ಬೆಳಿಗ್ಗೆ ಬೀಗದ ಕೈ ವಾಪಸು ಕೊಟ್ಟುಬರಲೆಂದೇ ಬಸ್ಸು ಹತ್ತಿದಳು. ಅದು ಗುರುವಾರ.

ಅಂಗಡಿಯ ಮುಂದೆ ಒಂದು ಟ್ರಾಕ್ಟರು ನಿಂತಿತ್ತು. ಟ್ರೈಲರಿನಲ್ಲಿ ಬೇರೊಂದು ಮೋಟರು, ಚಿಕ್ಕಸ್ವಾಮಿಯದರಷ್ಟೇ ದೊಡ್ಡದು. ಮೋಟರಿನ ಕಾಲುಗಳಿಗೆ ಹಸಿ ಕೆಸರು ಮೆತ್ತಿತ್ತು. ಮಂಚಯ್ಯ ಆಲೆಮನೆಯ ಮೋಟರಿನಿಂದ ಬಿಚ್ಚಿದ ಬೆಲ್ಟಿನ ಪುಲ್ಲಿಯನ್ನು ಅದಕ್ಕೆ ಹೊಡೆದು ಕೂರಿಸುತ್ತಿದ್ದ.

"ಇದು ಯಾರದ್ದು ಬೋರಣ್ಣ?" ಎಂದು ಅನು ಟ್ರಾಕ್ಟರಿನ ಬೋರಯ್ಯನನ್ನು ಕೇಳಿದಳು.

"ಇನ್ಯಾರ್ದು, ಇವರ್ದೇಯ! ತೊಣ್ಣೂರಲ್ಲಿ ಇವ್ರ ಬಾವಿ ಪಂಪಿಂದು. ಬದ್ನೆ ಹೂವಾಗಿ ನಿಂತದೆ, ನೀರ್ ಕಟ್ಟೋ ಒತ್ನಲ್ಲಿ ಬಿಚ್ಕಬಂದವ್ರೆ. ಚಿಕ್ಕಸ್ವಾಮಿ ಆಲೆಮನೆ ನಿಲ್ಲಬಾರ್ದಂತೆ. ಅಲ್ಲಿ ಇವ್ರ ಅಕ್ಕ ಬಯ್ಯಾದ್ ಕೇಳ್ಬೇಕು ನೀನು—"

"ಲೇ ಬೋರ, ಬಾಯ್ ಮುಚ್ಕಂಡು ಕಿರಂಗೂರ್ಗೆ ಗಾಡಿ ಒಡಿಲಾ" ಅಂದ ಮಂಚಯ್ಯ.

ಟ್ರಾಕ್ಟರು ಹೋಯಿತು. ಅನು ಮುಂದೆ ಚಾಚಿದ ಬೀಗದ ಕೈಯನ್ನು ಅವನು ತೆಗೆದುಕೊಳ್ಳಲಿಲ್ಲ.

"ಸ್ವಾಮಿಗೆ ಇನ್ನು ಅವಸರ ಇಲ್ಲ" ಅಂದ. "ನೀನೇ ಸುತ್ತು, ಅವನಿಗೆ ನಾನು ಏಳ್ಕತೀನಿ. ಸೋಮ್ವಾರದ ಪರೀಕ್ಷೆ ತಂಕ ಒಣಗ್ಲಿ." ಒಳಗೆ ಹೋಗಿ, ಚಿಕ್ಕಸ್ವಾಮಿಯ ಬರಿದಾದ ಮೋಟರನ್ನು ಕಾಲಿನಿಂದ ಅವಳತ್ತ ನೂಕಿದ.